ಹಳೆಯ ಜೀಪಿನ ಚಾವಣಿಗೆ ಟೆಂಟ್: ಕೂರಿಸುವ ಮುನ್ನ, ಕೂರಿಸುವಾಗ, ಕೂರಿಸಿದ ಮೇಲೆ

ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ನಮ್ಮ ಮನೆಯ ಮುಂದೆ ಜೀಪು ತೊಳೆಯುತ್ತಿದ್ದೆ. ಹದಿನಾರು ವರ್ಷ ಓಡಿದ ಗಾಡಿ. ಏಣಿ ಹಾಕಿಕೊಂಡು ಚಾವಣಿ ಉಜ್ಜುವಾಗ, ಎಡಬಾಗಿಲಿನ ಮೇಲೆ ಮಳೆನೀರು ಹರಿಯುವ ಗಟರಿನಲ್ಲಿ ಹೆಬ್ಬೆರಳಿನಷ್ಟು ಅಗಲಕ್ಕೆ ಬಣ್ಣ ಉಬ್ಬಿದ್ದು ಕೈಗೆ ತಗುಲಿತು. ಉಗುರಿನಿಂದ ಒತ್ತಿದೆ. ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಅಡಿಯಲ್ಲಿ ಕೆಂಪು ಪುಡಿ. ಅದೇ ವಾರ ಚಾವಣಿ ಟೆಂಟಿಗೆ ಮುಂಗಡ ಕೊಟ್ಟು ಬಂದಿದ್ದೆ. ಅದನ್ನು ಹೊರುವ ಅಡ್ಡ ಬಾರ್‌ಗಳನ್ನು ಗಟರಿಗೆ ಹಿಡಿಸುವ ನಾಲ್ಕು ಕಾಲುಗಳಲ್ಲಿ ಒಂದು ನಿಲ್ಲಬೇಕಾಗಿದ್ದದ್ದು ಸರಿಯಾಗಿ ಆ ಜಾಗದಲ್ಲಿ.

ಚಾವಣಿ ಟೆಂಟ್ ನೋಡಿರದವರಿಗೆ ಒಂದು ಮಾತು. ಗಾಡಿಯ ನೆತ್ತಿಯ ಮೇಲೆ ಮಡಚಿದ ಹಾಸಿಗೆಯಂತೆ ಕೂತಿದ್ದು, ಬೇಕಾದಾಗ ಬಿಚ್ಚಿಕೊಂಡು ಏಣಿ ಇಳಿಬಿಡುವ ಪುಟ್ಟ ಕೋಣೆ ಅದು. ಮಂಡ್ಯದ ತೋಟಗಳಲ್ಲಿ ನೆಲದ ಮೇಲೆ ಮಲಗುವವರಿಗೆ ಹಾವು, ಚೇಳು, ನಾಲೆಯ ತೇವ ಈ ಮೂರರ ಚಿಂತೆಯೂ ಇರುತ್ತದೆ. ಮೇಲೆ ಮಲಗಿದರೆ ಮೂರೂ ದೂರ. ಹೊಸ ಗಾಡಿಯಾದರೆ ಅದರ ಜೊತೆ ಬಂದ ಪುಸ್ತಕ ನೋಡಿ, ಅದಕ್ಕೆಂದೇ ಮಾಡಿದ ಅಡ್ಡ ಬಾರ್ ತಂದು ಬಿಗಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ. ಹಳೆಯ ಗಾಡಿಯ ಕಥೆ ಬೇರೆ. ಪುಸ್ತಕದಲ್ಲಿ ಬರೆದ ಭಾರ ಕಾರ್ಖಾನೆಯಿಂದ ಹೊರಬಿದ್ದ ದಿನದ ತಗಡಿಗೆ ಹೇಳಿದ್ದು. ಹದಿನೈದು ಮಳೆಗಾಲ ಕಂಡ ತಗಡು ಎಷ್ಟು ಹೊರುತ್ತದೆ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ, ನಾವೇ ಕೈಯಿಟ್ಟು ನೋಡಬೇಕು. ಆದ್ದರಿಂದ ನನ್ನ ಒತ್ತಾಯ ಒಂದೇ: ಚಾವಣಿಯನ್ನು ಮೊದಲು ನೋಡಿ, ಟೆಂಟನ್ನು ಕೊನೆಗೆ ಕೊಳ್ಳಿ. ನಾನು ಇದನ್ನು ತಿರುವುಮುರುವಾಗಿ ಮಾಡಿದೆ, ಎರಡು ತಿಂಗಳು ಟೆಂಟ್ ಹಜಾರದಲ್ಲಿ ಕೂತಿತ್ತು.

ಮೊದಲು ಕಾಗದದ ಮೇಲೆ ಲೆಕ್ಕ

ಚಾವಣಿಯ ಭಾರದಲ್ಲಿ ಎರಡು ಬಗೆ. ಗಾಡಿ ಓಡುವಾಗ ಹೊರುವ ಭಾರ ಒಂದು, ನಿಂತಾಗ ಹೊರುವ ಭಾರ ಇನ್ನೊಂದು. ಗಾಡಿಯ ಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗುವುದು ಮೊದಲನೆಯದು ಮಾತ್ರ. ಅದನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಅನೇಕ ಗಾಡಿಗಳಲ್ಲಿ ಅದು 50ರಿಂದ 100 ಕೆ.ಜಿ. ಒಳಗಿರುತ್ತದೆ. ಇಬ್ಬರು ಮಲಗುವ ಟೆಂಟ್ ಒಂದೇ 50ರಿಂದ 70 ಕೆ.ಜಿ. ತೂಗುತ್ತದೆ ಎಂದರೆ ಉಳಿಯುವುದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ಇಲ್ಲಿ ಬಹಳ ಜನ ಮರೆಯುವುದು ಕ್ಯಾರಿಯರ್‌ನ ಸ್ವಂತ ತೂಕವನ್ನು. ನಮ್ಮ ಕಡೆ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕ ಕೊಳವೆಯಿಂದ ಕ್ಯಾರಿಯರ್ ಮಾಡಿಸುವ ರೂಢಿಯಿದೆ. 25 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಕೊಳವೆ ಮೀಟರಿಗೆ ಸುಮಾರು 1.4 ಕೆ.ಜಿ. ತೂಗುತ್ತದೆ. ಉದ್ದ ಚಾವಣಿಯ ಕ್ಯಾರಿಯರ್‌ಗೆ 20 ಮೀಟರ್ ಹಿಡಿದರೆ 28 ಕೆ.ಜಿ. ಆಯಿತು. ಅದರ ಮೇಲೆ 60 ಕೆ.ಜಿ.ಯ ಟೆಂಟ್ ಕೂರಿಸಿದರೆ 88. ಪುಸ್ತಕದಲ್ಲಿ 75 ಎಂದಿದ್ದರೆ, ಒಂದು ದಿಂಬನ್ನೂ ಇಡುವ ಮೊದಲೇ ಮಿತಿ ದಾಟಿದ ಹಾಗಾಯಿತು. ಅಲ್ಯೂಮಿನಿಯಂ ಅಡ್ಡ ಬಾರ್‌ಗಳನ್ನು ಬಳಸಿದರೆ ಈ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನೋಡಲು ಗಡುಸಾಗಿ ಕಾಣುವ ಕಬ್ಬಿಣದ ಕ್ಯಾರಿಯರನ್ನು ನಾನು ಕೈಬಿಟ್ಟದ್ದು ಇದೇ ಕಾರಣಕ್ಕೆ.

ಓಡುವಾಗಿನ ಮಿತಿ ಅಷ್ಟು ಕಡಿಮೆ ಏಕೆ? ಊರ ಮುಂದಿನ ಹಂಪ್ ಗಮನಿಸದೆ ಹಾರಿಸಿದಾಗ ಮೇಲಿನ ಭಾರ ಕ್ಷಣಮಾತ್ರ ಎರಡು ಮೂರು ಪಟ್ಟಾಗಿ ಕಾಲುಗಳ ಮೇಲೆ ಕುಕ್ಕುತ್ತದೆ. 75 ಕೆ.ಜಿ. ಇದ್ದದ್ದು 200ರಂತೆ ಬಡಿಯುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಅದೇ ಭಾರ ಸುಮಾರು 60 ಕೆ.ಜಿ. ಬಲದಿಂದ ಮುಂದಕ್ಕೆ ಜಗ್ಗುತ್ತದೆ. ನಿಂತ ಗಾಡಿಯಲ್ಲಿ ಈ ಬಡಿತವಿಲ್ಲ. ಟೆಂಟ್ 60, ಇಬ್ಬರು 135, ಹಾಸಿಗೆ ಹೊದಿಕೆ 10 ಎಂದು ಒಟ್ಟು 205 ಕೆ.ಜಿ. ಆದರೂ ಅದು ಸಾವಕಾಶವಾಗಿ ಕಾಲುಗಳ ಮೂಲಕ ಬಾಗಿಲ ಕಂಬಗಳಿಗೆ, ಅಲ್ಲಿಂದ ಗಾಡಿಯ ಅಡಿಯ ಚೌಕಟ್ಟಾದ ಚಾಸಿಗೆ ಇಳಿಯುತ್ತದೆ. ನಾಲ್ಕು ಕಾಲಿಗೆ ಹಂಚಿದರೆ ಒಂದಕ್ಕೆ 51 ಕೆ.ಜಿ., ಆರು ಕಾಲಿಗೆ ಹಂಚಿದರೆ 34. ಹಳೆಯ ಗಾಡಿಗೆ ಆರು ಕಾಲು, ಮೂರು ಬಾರ್ ಎಂದು ನಾನು ಹೇಳುವುದು ಇದಕ್ಕಾಗಿ. ಆದರೆ ಕಾಲುಗಳು ನಿಂತಿರುವ ತಗಡು ಗಟ್ಟಿಯಿದ್ದರೆ ಮಾತ್ರ ಈ ಭಾಗಾಕಾರಕ್ಕೆ ಅರ್ಥ.

ಇನ್ನೊಂದು ಲೆಕ್ಕ ಗಾಡಿಯ ನಿಲುವಿನದು. 1,700 ಕೆ.ಜಿ. ತೂಗುವ ಗಾಡಿಯ ತೂಕದ ಕೇಂದ್ರ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ಎರಡು ಮೀಟರ್ ಎತ್ತರದಲ್ಲಿ 70 ಕೆ.ಜಿ. ಕೂರಿಸಿದರೆ ಆ ಕೇಂದ್ರ 75 ಸೆಂ.ಮೀ. ತಲುಪುತ್ತದೆ. ಐದು ಸೆಂಟಿಮೀಟರ್ ಏನು ಮಹಾ ಎನಿಸಬಹುದು. ಮೇಲುಕೋಟೆ ಬೆಟ್ಟದ ತಿರುವುಗಳಲ್ಲಿ ಸ್ಟೇರಿಂಗ್ ಹಿಡಿದವರಿಗೆ ಅದು ಗೊತ್ತಾಗುತ್ತದೆ.

ಗಾಡಿಯ ಒಟ್ಟು ತೂಕಕ್ಕೂ ಮಿತಿಯಿದೆ. ತಯಾರಕರ ಫಲಕದಲ್ಲಿ ನೋಡಿ. ತೂಗಿಸುವುದು ಮಂಡ್ಯದವರಿಗೆ ಅತಿ ಸುಲಭ, ಕಬ್ಬಿನ ಲೋಡು ತೂಗುವ ವೇಬ್ರಿಡ್ಜ್‌ಗಳು ಹೆಜ್ಜೆ ಹೆಜ್ಜೆಗೂ ಇವೆ. ಡೀಸೆಲ್ ತುಂಬಿಸಿ, ಮನೆಯವರನ್ನೂ ನೀರಿನ ಕ್ಯಾನ್‌ಗಳನ್ನೂ ಕೂರಿಸಿಕೊಂಡು ಹೋಗಿ ತೂಗಿಸಿ. ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಮ್ಮೆ, ಇಡೀ ಗಾಡಿಯನ್ನು ಹತ್ತಿಸಿ ಒಮ್ಮೆ ತೂಗಿದರೆ ಹಿಂದಿನ ಆಕ್ಸಲ್ ಮೇಲೆ ಎಷ್ಟು ಬೀಳುತ್ತಿದೆ ಎಂಬುದೂ ತಿಳಿಯುತ್ತದೆ.

ಚಾವಣಿಯನ್ನು ಓದುವುದು

ಬೊಲೆರೊ, ಸುಮೊಗಳಂಥ ಹಳೆಯ ಮೈಕಟ್ಟಿನ ಗಾಡಿಗಳಿಗೆ ಚಾವಣಿಯ ಎರಡೂ ಅಂಚಿನಲ್ಲಿ ಮಳೆನೀರು ಹರಿಯುವ ಗಟರ್ ಇರುತ್ತದೆ, ಹೆಂಚಿನ ಮನೆಯ ಸೂರಿನ ದೋಣಿ ಇದ್ದ ಹಾಗೆ. ಚಾವಣಿಯ ತಗಡೂ ಪಕ್ಕದ ತಗಡೂ ಕೂಡುವ ಬೆಸುಗೆಯ ಸಾಲು ಅದು. ಭಾರ ಹೊರಲು ಗಾಡಿಯ ಮೇಲ್ಭಾಗದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ನೀರು, ದೂಳು, ಹುಣಸೆ ಎಲೆ ಎಲ್ಲ ನಿಲ್ಲುವುದೂ ಅಲ್ಲಿಯೇ, ತುಕ್ಕು ಹುಟ್ಟುವುದೂ ಅಲ್ಲಿಯೇ.

ಗಟರನ್ನು ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಬಿಸಿಲಿನಲ್ಲಿ ಒಣಗಿಸಿ. ಒದ್ದೆ ಗಟರ್ ಸುಳ್ಳು ಹೇಳುತ್ತದೆ. ಅನಂತರ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿ. ಉಬ್ಬು, ಬಿರುಕು ಸಿಕ್ಕಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಸ್ಕ್ರೂಡ್ರೈವರಿನ ಹಿಡಿಯಿಂದ ಹಗುರವಾಗಿ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಂಕಾಗಿ ಡಬ್ ಎನ್ನುತ್ತದೆ. ಗುರುತು ಮಾಡಿದ ಜಾಗಗಳಲ್ಲಿ ಮೊನೆಯಿಂದ ಒತ್ತಿ ನೋಡಿ. ಮೊನೆ ಒಳಗೆ ಹೋದರೆ ಆ ಗಾಡಿಯ ಮೇಲೆ ಸದ್ಯಕ್ಕೆ ಟೆಂಟ್ ಇಲ್ಲ.

ಸೆಕೆಂಡ್‌ಹ್ಯಾಂಡ್ ಗಾಡಿಯಾಗಿದ್ದರೆ ಅಯಸ್ಕಾಂತದ ಪರೀಕ್ಷೆ ಬಿಡಬೇಡಿ. ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಚಾವಣಿಯ ಅಂಚು, ಕಂಬಗಳ ಮೇಲೆ ಆಡಿಸಿ. ಅದು ಹಿಡಿತ ಬಿಡುವ ಕಡೆ ಬಣ್ಣದ ಅಡಿಯಲ್ಲಿ ದಪ್ಪ ಪುಟ್ಟಿ ಇದೆ ಎಂದು ಅರ್ಥ. ಪುಟ್ಟಿ ಕಣ್ಣಿಗೆ ಚಂದ, ಭಾರಕ್ಕೆ ಏನೂ ಅಲ್ಲ. ಒಳಗೆ ಕೂತು ಚಾವಣಿಯ ಒಳಬಟ್ಟೆಯಲ್ಲಿ ಕಂದು ಕಲೆಗಳಿವೆಯೇ ನೋಡಿ. ದೀಪ ಅಥವಾ ಹಿಡಿಕೆ ಬಿಚ್ಚಿ ಬೆಳಕು ಬಿಟ್ಟರೆ ತಗಡಿನ ಒಳಮೈ ಕಾಣುತ್ತದೆ. ಹೊರಗಿನಿಂದ ಅರ್ಧ ಅಂಗುಲ ಕಂಡ ತುಕ್ಕು ಒಳಗೆ ಅಂಗೈಯಗಲ ಹರಡಿರುವುದುಂಟು.

ಗಟರ್ ಇಲ್ಲದೆ ಚಾವಣಿಯ ಮೇಲೆ ಉದ್ದುದ್ದ ರೇಲ್‌ಗಳಿರುವ ಗಾಡಿಗಳಲ್ಲಿ ಬೇರೆ ಪ್ರಶ್ನೆ ಏಳುತ್ತದೆ: ಆ ರೇಲ್ ಭಾರಕ್ಕೆ ಕೊಟ್ಟದ್ದೋ ಅಂದಕ್ಕೆ ಕೊಟ್ಟದ್ದೋ? ಪುಸ್ತಕದಲ್ಲಿ ರೇಲ್ ಮೇಲೆ ಇಷ್ಟು ಭಾರ ಎಂದು ಬರೆದಿದ್ದರೆ ಸರಿ. ಬರೆದಿಲ್ಲದಿದ್ದರೆ ಅದು ಅಲಂಕಾರ ಎಂದೇ ತಿಳಿಯಿರಿ. ಬರೆದಿದ್ದರೂ ರೇಲಿನ ಮುಚ್ಚಳ ತೆಗೆದು ಬೋಲ್ಟ್‌ಗಳು ತುಕ್ಕು ಹಿಡಿದಿವೆಯೇ, ಚಾವಣಿಯೊಳಗಿನ ನಟ್ ಸುಮ್ಮನೆ ಸುತ್ತುತ್ತಿದೆಯೇ ನೋಡಬೇಕು. ಫೈಬರ್ ಮೇಲ್ಕಟ್ಟು ಹಾಕಿಸಿಕೊಂಡ ಹಳೆಯ ಜಿಪ್ಸಿಯಂಥ ಗಾಡಿಗಳಲ್ಲಿ ಮೇಲ್ಕಟ್ಟಿನ ಮೇಲೆ ನೇರವಾಗಿ ಏನನ್ನೂ ಕೂರಿಸುವಂತಿಲ್ಲ. ಚಾಸಿಯಿಂದಲೋ ಒಳಗಿನ ಕಬ್ಬಿಣದ ಚೌಕಟ್ಟಿನಿಂದಲೋ ಎದ್ದ ಆಧಾರ ಬೇಕು, ಅದನ್ನು ಮಾಡುವುದು ಪರಿಣತರ ಕೆಲಸ.

ತುಕ್ಕಿನ ಚಿಕಿತ್ಸೆ

ನನ್ನ ಜೀಪನ್ನು ಮಂಡ್ಯದ ಒಬ್ಬ ಟಿಂಕರಿಂಗ್ ಮೇಸ್ತ್ರಿಯ ಹತ್ತಿರ ಒಯ್ದೆ. ಭಾವನ ಪರಿಚಯದವರು, ಅರವತ್ತು ದಾಟಿದ ವಯಸ್ಸು. ಗಟರಿನ ಉದ್ದಕ್ಕೂ ಒಮ್ಮೆ ಹೆಬ್ಬೆರಳು ಎಳೆದು, "ಸ್ವಾಮಿ, ಮೇಲೆ ಮಕ್ಕಳನ್ನು ಮಲಗಿಸುತ್ತೀರಲ್ಲವೇ? ಹಾಗಾದರೆ ಬಣ್ಣ ಬಳಿದು ಕಳಿಸುವ ಕೆಲಸ ನಾನು ಮಾಡುವುದಿಲ್ಲ. ಕೆತ್ತಿ ನೋಡುತ್ತೇನೆ, ಆಮೇಲೆ ಮಾತನಾಡೋಣ" ಎಂದರು. ಅಂಥವರನ್ನೇ ಹುಡುಕಿ. ಒಂದೇ ದಿನದಲ್ಲಿ ಹೊಸದರಂತೆ ಮಾಡಿಕೊಡುತ್ತೇನೆ ಎನ್ನುವವರಿಂದ ದೂರವಿರಿ.

ಕ್ರಮ ಹೀಗಿರಬೇಕು. ಸಡಿಲ ಬಣ್ಣ, ಹಳೆಯ ಸೀಲಂಟ್ ಎಲ್ಲವನ್ನೂ ಕೆತ್ತಿ ಹೊಳೆಯುವ ತಗಡು ಕಾಣುವವರೆಗೆ ಉಜ್ಜಬೇಕು. ಮೇಲ್ಮೈ ತುಕ್ಕಷ್ಟೇ ಆಗಿದ್ದರೆ ತುಕ್ಕು ಪರಿವರ್ತಕ ದ್ರವ ಹಚ್ಚಿ, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಬೆಸುಗೆಯ ಸಾಲಿಗೆ ಪಾಲಿಯುರಿಥೇನ್ ಸೀಮ್ ಸೀಲಂಟ್, ಕೊನೆಗೆ ಬಣ್ಣ. ಬಾತ್‌ರೂಮಿಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕೋನ್ ಹಚ್ಚಲು ಬಿಡಬೇಡಿ. ಅದರಿಂದ ಹೊರಡುವ ಆಮ್ಲ ಬರಿ ತಗಡನ್ನು ಮತ್ತೆ ತಿನ್ನುತ್ತದೆ, ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ತೂತು ಬಿದ್ದಿದ್ದರೆ ಆ ತುಂಡನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಬೆಸೆಯುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ, ಒಳಬಟ್ಟೆಯನ್ನು ಪೂರ್ತಿ ಇಳಿಸಿ. ಕಿಡಿ ಬಿದ್ದರೆ ಆ ಬಟ್ಟೆ, ಸ್ಪಂಜು ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ಬೆಸೆದ ಜಾಗದ ಮೇಲೆಯೇ ಕಾಲು ನಿಲ್ಲಿಸಬೇಡಿ, ಒಂದು ಗೇಣು ಸರಿಸಿ ಗಟ್ಟಿ ತಗಡಿನ ಮೇಲೆ ನಿಲ್ಲಿಸಿ.

ಶಾಕ್ ಅಬ್ಸಾರ್ಬರ್, ಲೀಫ್ ಸ್ಪ್ರಿಂಗ್ ಪಟ್ಟಿಗಳನ್ನು ಇದೇ ಗ್ಯಾರೇಜ್ ಭೇಟಿಯಲ್ಲಿ ನೋಡಿಸಿಬಿಡಿ. ಎಣ್ಣೆ ಸೋರುವ ಶಾಕ್ ಇಟ್ಟುಕೊಂಡು ನೆತ್ತಿಯ ಮೇಲೆ ಭಾರ ಹೊರಿಸುವುದು ಬೇಡ.

ಕಾಲು ಮತ್ತು ಬಾರ್

ಗಟರಿಗೆ ಕಚ್ಚುವ ಕಾಲುಗಳನ್ನು ಕೊಳ್ಳುವಾಗ ಅಡಿಯ ಪಟ್ಟಿಯ ಅಗಲ ನೋಡಿ. ನಾಲ್ಕು ಬೆರಳಗಲವಾದರೂ ಇರಲಿ. ಕಿರಿದಾದ ಪಟ್ಟಿ ಒಂದೇ ಬಿಂದುವಿನಲ್ಲಿ ಒತ್ತಿ ಗಟರನ್ನು ಬಗ್ಗಿಸುತ್ತದೆ. ಕಾಲಿಗೂ ಗಟರಿಗೂ ನಡುವೆ ರಬ್ಬರ್ ಇರಲೇಬೇಕು. ಕಾಲುಗಳು ಸಾಧ್ಯವಾದಷ್ಟು ಬಾಗಿಲ ಕಂಬಗಳ ನೇರಕ್ಕೆ ಬರಲಿ. ಎರಡು ಕಂಬಗಳ ನಡುವಿನ ಗಟರ್ ಬಳುಕುತ್ತದೆ, ಕಂಬದ ಮೇಲಿನದು ಬಳುಕುವುದಿಲ್ಲ.

ಬಾರ್‌ಗಳ ನಡುವಿನ ಅಂತರ ಟೆಂಟಿನ ಜೊತೆ ಬಂದ ಕಾಗದ ಹೇಳಿದಷ್ಟಿರಬೇಕು. ತೀರ ಹತ್ತಿರವಿದ್ದರೆ ಟೆಂಟಿನ ಹಲಗೆ ತೊಟ್ಟಿಲಿನಂತೆ ತೂಗುತ್ತದೆ. ಬಾರ್ ಕೂರಿಸಿದ ಮೇಲೆ ಟೇಪ್ ಹಿಡಿದು ಎರಡು ಕರ್ಣಗಳನ್ನು ಅಳೆಯಿರಿ: ಮುಂದಿನ ಎಡ ಮೂಲೆಯಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ. ಎರಡೂ ಸಮನಾಗಿದ್ದರೆ ಚೌಕ ನೇರವಾಗಿದೆ. ಗಾರೆ ಕೆಲಸದವರು ಪಾಯ ಹಾಕುವಾಗ ಮಾಡುವುದೂ ಇದನ್ನೇ. ಮೂರು ಬಾರ್‌ಗಳ ಮೇಲೂ ಒಂದು ನೇರ ಪಟ್ಟಿಯಿಟ್ಟು ಒಂದೇ ಮಟ್ಟದಲ್ಲಿವೆಯೇ ನೋಡಿ. ಹಳೆಯ ಚಾವಣಿ ನಡುವೆ ತುಸು ಉಬ್ಬಿರುತ್ತದೆ, ಮಧ್ಯದ ಬಾರ್ ಎತ್ತರವಾದರೆ ಭಾರವೆಲ್ಲ ಅದರ ಮೇಲೆಯೇ ಕೂರುತ್ತದೆ.

ಬಾರ್ ಮತ್ತು ಚಾವಣಿಯ ನಡುವೆ ಸ್ಪ್ಯಾನರ್ ಹಿಡಿದ ಕೈ ಆಡುವಷ್ಟು ಜಾಗ ಬೇಕು. ಹಿಂಬಾಗಿಲು ಮೇಲಕ್ಕೆ ಎತ್ತುವಂಥದ್ದಾದರೆ ಪೂರ್ತಿ ಎತ್ತಿ ನೋಡಿ, ಟೆಂಟಿನ ಹಿಂದಿನ ಅಂಚಿಗೆ ಬಡಿಯಬಾರದು.

ಕಾನೂನಿನ ಕಡೆಗೂ ಒಂದು ನೋಟ. ಮೋಟಾರು ವಾಹನ ಕಾಯಿದೆ 1988ರ 52ನೇ ಕಲಮು, ನೋಂದಣಿಯ ವಿವರಗಳು ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಹಾಗಾಗಿ ಚಾವಣಿಗೆ ತೂತು ಕೊರೆಯದೆ, ಬೇಕೆಂದಾಗ ಬಿಚ್ಚಿ ತೆಗೆಯಬಹುದಾದ ಜೋಡಣೆಯನ್ನೇ ಮಾಡಿಕೊಳ್ಳಿ. ಗಾಡಿಯ ಅಗಲ, ಉದ್ದ ಮೀರಿ ಏನೂ ಚಾಚದಿರಲಿ. ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ನೋಂದಣಿ ನವೀಕರಣವಾಗಿರಬೇಕು. ಆ ತಪಾಸಣೆಗೆ ಹೋಗುವಾಗ ಟೆಂಟ್, ಬಾರ್ ಎಲ್ಲ ಇಳಿಸಿಯೇ ಹೋಗಿ.

ಎತ್ತುವ ದಿನ

ನಾಲ್ಕು ಜನ ಬೇಕು. ಮೂವರಲ್ಲಿ ಆಗುತ್ತದೆ ಎನ್ನುವ ಧೈರ್ಯ ಬೇಡ. ಅಗಲವಾದ ವಸ್ತು ಕೈ ಜಾರಿದರೆ ಗಾಜು ಒಡೆಯುವುದಷ್ಟೇ ಅಲ್ಲ, ಕಾಲಿನ ಮೇಲೆ ಬೀಳುತ್ತದೆ. ಎಲ್ಲರೂ ಶೂ ಹಾಕಿಕೊಂಡಿರಲಿ. ಏಣಿಯ ಮೇಲೆ ನಿಂತು ಭಾರ ಎತ್ತಬಾರದು. ನಾವು ಭಾವನ ತೋಟದಲ್ಲಿ ಮಾಡಿದ ಉಪಾಯ ಹಳ್ಳಿಯಲ್ಲಿ ಯಾರಿಗಾದರೂ ಒದಗುವಂಥದ್ದು. ಟ್ರ್ಯಾಕ್ಟರಿನ ಟ್ರೇಲರನ್ನು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಜೀಪನ್ನು ಅದರ ಪಕ್ಕಕ್ಕೆ ಒತ್ತಿ ನಿಲ್ಲಿಸಿದೆವು. ಟೆಂಟನ್ನು ಮೊದಲು ಟ್ರೇಲರಿಗೆ ಏರಿಸಿ, ನಾಲ್ವರೂ ಅದರ ಮೇಲೆ ನಿಂತು ಸೊಂಟದ ಮಟ್ಟದಿಂದ ಬಾರ್ ಮೇಲಕ್ಕೆ ಜಾರಿಸಿದೆವು. ಬಾರ್‌ಗಳ ಮೇಲೆ ಹಳೆಯ ಕಂಬಳಿ ಹಾಸಿದ್ದರಿಂದ ಗೀರು ಬೀಳಲಿಲ್ಲ. ಊರೊಳಗೆ ಟ್ರೇಲರ್ ಸಿಗದಿದ್ದರೆ ಎರಡು ಸರ್ವೆ ಕಂಬಗಳನ್ನು ಕಂಬಳಿ ಸುತ್ತಿ ಬಾರ್‌ಗೆ ಓರೆಯಾಗಿ ಕಟ್ಟಿ, ಅದರ ಮೇಲೆ ಹಗ್ಗದಿಂದ ಎಳೆದುಕೊಳ್ಳಬಹುದು, ಇಬ್ಬರು ಕೆಳಗಿನಿಂದ ತಳ್ಳಬೇಕು.

ಏಣಿ ಇಳಿಯುವ ಕಡೆ ಗಾಡಿಯ ಎಡಕ್ಕೆ ಬರಲಿ, ರಸ್ತೆಯ ಕಡೆಗೆ ಬೇಡ. ಚಿಪ್ಪಿನಂತೆ ತೆರೆಯುವ ಗಟ್ಟಿ ಮುಚ್ಚಳದ ಟೆಂಟಾದರೆ ಅದರ ಕೀಲು ಗಾಡಿಯ ಮುಂದಕ್ಕಿರಬೇಕು. ತೆರೆಯುವ ಬಾಯಿ ಮುಂದಕ್ಕಿದ್ದು ಚಿಲಕ ಸಡಿಲವಾದರೆ ಎದುರುಗಾಳಿ ಮುಚ್ಚಳವನ್ನು ಕಿತ್ತೆಸೆಯುತ್ತದೆ. ಟೆಂಟಿನ ತೂಕ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಕೂರಲಿ, ಹಿಂಬದಿಗೆ ಚಾಚದಿರಲಿ.

ಬಿಗಿಯುವ ಕ್ರಮ

ಟೆಂಟಿನ ಅಡಿಯಲ್ಲಿ ಎರಡು ಅಲ್ಯೂಮಿನಿಯಂ ಚಾನೆಲ್‌ಗಳಿರುತ್ತವೆ. ಅವುಗಳಲ್ಲಿ ಬೋಲ್ಟಿನ ತಲೆ ಜಾರುತ್ತದೆ, ಬಾರಿನ ಅಡಿಯಿಂದ ಪಟ್ಟಿ ಕೊಟ್ಟು ನಟ್ ಬಿಗಿಯಬೇಕು. ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟ್. ಜೊತೆಗೆ ಬಂದವು ಕಳೆದುಹೋದರೆ ಸಿಕ್ಕಿದ್ದನ್ನು ತರಬೇಡಿ. ತಲೆಯ ಮೇಲೆ ಗಟ್ಟಿತನದ ದರ್ಜೆ 8.8 ಎಂದೋ, ಸ್ಟೇನ್‌ಲೆಸ್ ಆದರೆ ಎ2-70 ಎಂದೋ ಅಚ್ಚಿರುವುದನ್ನು ಕೇಳಿ ತನ್ನಿ. ನಟ್ ಒಳಗೆ ನೈಲಾನ್ ಬಳೆ ಇರುವಂಥದ್ದೇ ಆಗಬೇಕು. ಕಂಪನಕ್ಕೆ ಸಾಮಾನ್ಯ ನಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿ ಹಾಕಿದಂತೆಲ್ಲ ಆ ನೈಲಾನ್ ಸವೆಯುತ್ತದೆ, ಕೈಯಿಂದಲೇ ತಿರುಗುವಷ್ಟು ಸಡಿಲವಾದದ್ದನ್ನು ಬಿಸಾಡಿ. ಸ್ಟೇನ್‌ಲೆಸ್ ಬೋಲ್ಟ್ ಅಲ್ಯೂಮಿನಿಯಂ ಚಾನೆಲ್‌ನಲ್ಲಿ ಕೂತು ನೀರು ಸೇರಿದರೆ ಎರಡು ಲೋಹಗಳ ನಡುವೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಬೋಲ್ಟಿನ ತಲೆಗೆ ತುಸು ಗ್ರೀಸ್ ಸವರಿ.

ಎಲ್ಲ ಬೋಲ್ಟ್‌ಗಳನ್ನೂ ಮೊದಲು ಬೆರಳಿನಿಂದಷ್ಟೇ ಹಿಡಿಸಿ, ಟೆಂಟ್ ನೇರಕ್ಕಿದೆಯೇ ಎಂದು ಗಾಡಿಯ ಹಿಂದೆ ಹತ್ತು ಹೆಜ್ಜೆ ನಿಂತು ನೋಡಿ. ಆಮೇಲೆ ಚಕ್ರದ ನಟ್ ಬಿಗಿಯುವಂತೆ ಮೂಲೆಯಿಂದ ಎದುರು ಮೂಲೆಗೆ, ಮೂರು ಸುತ್ತುಗಳಲ್ಲಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಕೊನೆಯ ಸುತ್ತಿಗೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಬೇಕೆಂದು ಮೊದಲೇ ಹೊಂದಿಸಬಹುದಾದ ಸ್ಪ್ಯಾನರ್, ಬೇಕೇ ಬೇಕು. ಟೆಂಟಿನ ಕಾಗದ ಹೇಳಿದ ಅಂಕೆಗೆ ಹೊಂದಿಸಿ, ಕ್ಲಿಕ್ ಎಂದಾಗ ನಿಲ್ಲಿಸಿ. ಕೈಬಲದ ಮೇಲೆ ನಂಬಿಕೆಯಿಟ್ಟು ಉದ್ದ ಪೈಪು ತೂರಿಸಿ ಬಿಗಿದರೆ ಅಲ್ಯೂಮಿನಿಯಂ ಚಾನೆಲ್‌ನ ತುಟಿ ಹರಿಯುತ್ತದೆ, ಹರಿದದ್ದು ಮೇಲಿನಿಂದ ಕಾಣುವುದೂ ಇಲ್ಲ. ನಟ್ಟಿನಿಂದಾಚೆ ಬೋಲ್ಟಿನ ಥ್ರೆಡ್ ಎರಡು ಮೂರು ಸುತ್ತು ಹೊರಗೆ ಕಾಣಬೇಕು.

ಈಗ ಅತಿ ಅಗ್ಗದ, ಅತಿ ಬೆಲೆಯುಳ್ಳ ಕೆಲಸ. ಪ್ರತಿ ನಟ್ಟಿನಿಂದ ಪಟ್ಟಿಯವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ, ಗಟರಿನ ಕಾಲುಗಳ ನಟ್ಟಿಗೂ ಎಳೆಯಿರಿ. ನಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಕಾಫಿಗೆ ಇಳಿದಾಗಲೆಲ್ಲ ಸುತ್ತ ಒಮ್ಮೆ ನಡೆದು ಗೆರೆಗಳನ್ನು ನೋಡಿದರೆ ಸಾಕು.

ಕೊನೆಗೆ, ಎಳೆದು ಬಿಗಿಯುವ ಎರಡು ರ‍್ಯಾಚೆಟ್ ಬೆಲ್ಟ್‌ಗಳನ್ನು ಟೆಂಟ್ ಮತ್ತು ಬಾರ್ ಎರಡನ್ನೂ ಸುತ್ತುವಂತೆ ಹಾಕಿ. ಬೋಲ್ಟ್ ಕೈಕೊಟ್ಟರೂ ಟೆಂಟ್ ಹಿಂದಿನ ಬೈಕಿನವರ ಮೇಲೆ ಬೀಳಬಾರದು ಎಂಬುದಕ್ಕೆ ಇದು. ಬೆಲ್ಟಿಗೆ ಒಂದು ತಿರುವು ಕೊಟ್ಟರೆ ಗಾಳಿಗೆ ಗುಂಯ್‌ಗುಡುವುದಿಲ್ಲ.

ಮೊದಲ ಓಟ

ನೆಲದಿಂದ ಟೆಂಟಿನ ತುದಿಯವರೆಗೆ ಅಳೆದು, ಆ ಎತ್ತರವನ್ನು ದಪ್ಪಕ್ಷರದಲ್ಲಿ ಬರೆದು ಡ್ರೈವರ್ ಕಣ್ಣಿಗೆ ಬೀಳುವಂತೆ ಅಂಟಿಸಿ. ನನ್ನದು 2.3 ಮೀಟರ್. ನೆಲಮಾಳಿಗೆಯ ಪಾರ್ಕಿಂಗ್, ರೈಲ್ವೆ ಅಂಡರ್‌ಪಾಸ್‌ನ ಎತ್ತರ ತಡೆ, ಹಳ್ಳಿ ಬೀದಿಗಳಲ್ಲಿ ಜೋತುಬಿದ್ದ ಕೇಬಲ್ ಮತ್ತು ವಿದ್ಯುತ್ ತಂತಿ, ಸಾಲುಮರಗಳ ತಗ್ಗಿದ ಕೊಂಬೆ ಇವೆಲ್ಲ ಇನ್ನು ನಿಮ್ಮ ದಾರಿಯ ಭಾಗ.

ಮೊದಲ ದಿನ ರಿಂಗ್ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎಲ್ಲವನ್ನೂ ಮತ್ತೆ ರೆಂಚ್ ಹಾಕಿ ನೋಡಿ. ರಬ್ಬರ್ ಕುಗ್ಗಿ ಕೂರುವುದರಿಂದ ಕಾಲುಗಳ ನಟ್ ತುಸು ಸಡಿಲವಾಗಿರುವುದು ಸಹಜ. ನನ್ನ ಎರಡನೆಯ ಓಟ ಶ್ರೀರಂಗಪಟ್ಟಣ, ಪಾಂಡವಪುರ ಹಾದು ಮೇಲುಕೋಟೆಗೆ. ಸುಮಾರು 50 ಕಿಲೋಮೀಟರಿನಲ್ಲಿ ಹಂಪ್, ಕಬ್ಬಿನ ಗಾಡಿಗಳ ಹಿಂದಿನ ಬ್ರೇಕು, ಬೆಟ್ಟದ ತಿರುವು ಎಲ್ಲ ಸಿಗುವುದರಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ. ಬೆಟ್ಟದ ಮೇಲೆ ಗೆರೆಗಳನ್ನು ನೋಡಿದಾಗ ಒಂದು ಮುರಿದಿತ್ತು. ಹೊಸ ಬಣ್ಣದ ಮೇಲೆ ಕೂತ ಕಾಲು. ಬಿಗಿದೆ, ಆಮೇಲೆ ಅದು ಅಲುಗಿಲ್ಲ. ಮುಂದೆ 200 ಕಿಲೋಮೀಟರಿಗೆ ಒಮ್ಮೆ, ಆಮೇಲೆ ಪ್ರತಿ ಪ್ರವಾಸದ ಮುನ್ನ ನೋಡುತ್ತೇನೆ.

ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ. ಟೆಂಟ್ ಹೊತ್ತ ಹಳೆಯ ಗಾಡಿಗೆ ಅದು ಗುರಿಯಾಗಬಾರದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಲ್ಲಿದ್ದ ಬಲ 100ರಲ್ಲಿ ಒಂದೂವರೆ ಪಟ್ಟು ದಾಟುತ್ತದೆ. ನಾನು 75ಕ್ಕೆ ನಿಲ್ಲುತ್ತೇನೆ, ಎಡ ಲೇನ್ ಬಿಡುವುದಿಲ್ಲ. ದೊಡ್ಡ ಬಸ್ಸು ಹಿಂದಿಕ್ಕುವಾಗ ಗಾಡಿ ಪಕ್ಕಕ್ಕೆ ತುಯ್ದಂತಾಗುತ್ತದೆ, ಎರಡು ಕೈಯಿಂದ ಸ್ಟೇರಿಂಗ್ ಹಿಡಿದಿರಿ.

ಬಿಚ್ಚಿ ಮಲಗುವ ಜಾಗ

ಬಂಡೀಪುರ, ನಾಗರಹೊಳೆ ಹತ್ತಿರವಿವೆ ಎಂದು ಕಾಡಂಚಿನ ರಸ್ತೆಯಲ್ಲಿ ಟೆಂಟ್ ಬಿಚ್ಚುವ ಆಸೆ ಇಟ್ಟುಕೊಳ್ಳಬೇಡಿ. ಹುಲಿ ಮೀಸಲು ಪ್ರದೇಶದಲ್ಲಿ ನಮ್ಮಷ್ಟಕ್ಕೆ ನಾವು ತಂಗುವಂತಿಲ್ಲ. ಬಂಡೀಪುರದೊಳಗಿನ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೇ ನಿರ್ಬಂಧವಿದೆ. ಕಾವೇರಿಯ ಮರಳ ದಂಡೆಯೂ ಬೇಡ. ಕೆ.ಆರ್.ಎಸ್. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಮಳೆಗಾಲದಲ್ಲಿ ಅದರ ಹತ್ತಿರ ಬಂದಾಗ ನೀರು ಬಿಡುತ್ತಾರೆ, ಕೆಳಗಿನ ದಂಡೆಗಳಲ್ಲಿ ನದಿ ನೋಡನೋಡುತ್ತಿದ್ದಂತೆ ಏರುತ್ತದೆ. ಪರಿಚಯದವರ ತೋಟ, ಮಾಲೀಕರ ಒಪ್ಪಿಗೆ, ಕೂಗಿದರೆ ಕೇಳುವ ದೂರದಲ್ಲಿ ಮನೆ ಇವಿಷ್ಟಿದ್ದರೆ ನಿಶ್ಚಿಂತೆ. ಕಬ್ಬಿನ ಗದ್ದೆಯ ಪಕ್ಕ ಚಿರತೆಯ ಓಡಾಟವಿರಬಹುದು, ತೋಟದವರನ್ನು ಕೇಳಿ ತಿಳಿಯಿರಿ. ಮಾಂಸದ ಉಳಿಕೆ, ತಿಂಡಿ ಏನನ್ನೂ ಹೊರಗೆ ಬಿಡಬೇಡಿ.

ತೋಟ ಎಂದರೆ ಮಂಡ್ಯದಲ್ಲಿ ತೆಂಗು. ತೆಂಗಿನ ಮರದ ಕೆಳಗೆ ಎಷ್ಟೇ ನೆರಳಿದ್ದರೂ ಟೆಂಟ್ ಬಿಚ್ಚಬೇಡಿ. ಕಾಯಿ, ಒಣಗರಿ ಬೀಳಲು ಹೊತ್ತು ಗೊತ್ತು ಇಲ್ಲ, ನಡುವೆ ಇರುವುದು ಬರಿ ಬಟ್ಟೆ. ಸಾಲುಗಳ ನಡುವಿನ ಬಯಲನ್ನು ಹುಡುಕಿ. ಗಾಡಿ ಸಮತಟ್ಟಾಗಿ ನಿಲ್ಲಲಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಮಡಚುವ ಟೆಂಟಿನಲ್ಲಿ ಹೊರಕ್ಕೆ ಚಾಚಿದ ಅರ್ಧ ಭಾಗದ ಭಾರ ಏಣಿಯ ಮೇಲೆಯೇ ನಿಲ್ಲುತ್ತದೆ. ಗದ್ದೆಯ ಮಣ್ಣಿನಲ್ಲಿ ಏಣಿಯ ಕಾಲು ರಾತ್ರಿಯೆಲ್ಲ ಇಳಿಯುತ್ತ ಹೋಗಿ ಟೆಂಟ್ ವಾಲುತ್ತದೆ, ಭಾರವೆಲ್ಲ ಕೀಲಿಗೆ ಬೀಳುತ್ತದೆ. ಎರಡು ಅಡಿಯ ಒಂದು ಹಲಗೆ ಸದಾ ಗಾಡಿಯಲ್ಲಿರಲಿ, ಏಣಿಯ ಕೆಳಗೆ ಹಾಕಲು.

ಒಳಗೆ ಸೊಳ್ಳೆ ಬತ್ತಿ, ದೀಪ, ಒಲೆ, ಇದ್ದಿಲು ಯಾವುದೂ ಬೇಡ. ಬೆಂಕಿಯ ಭಯ ಒಂದು, ಮುಚ್ಚಿದ ಜಾಗದಲ್ಲಿ ಇದ್ದಿಲಿನ ವಿಷಾನಿಲ ವಾಸನೆಯೇ ಇಲ್ಲದೆ ಕೊಲ್ಲುತ್ತದೆ ಎಂಬುದು ಇನ್ನೊಂದು. ಚಳಿಗಾಲದಲ್ಲೂ ಕಿಟಕಿ ತುಸು ತೆರೆದಿರಲಿ. ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಸಂಜೆ ಮೋಡ ಕಪ್ಪಾಗಿ ಗಾಳಿ ಎದ್ದರೆ ತಡಮಾಡದೆ ಟೆಂಟ್ ಮಡಚಿ ಕೆಳಗಿಳಿಯಿರಿ. ಗುಡುಗು ಮಿಂಚು ನಿಲ್ಲುವವರೆಗೆ ಕಿಟಕಿ ಏರಿಸಿ ಗಾಡಿಯೊಳಗೆ ಕೂರಿ. ಲೋಹದ ಮೈ ಇರುವ ಗಾಡಿ ಸಿಡಿಲನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ, ಬಟ್ಟೆಯ ಟೆಂಟಿಗೆ ಆ ಶಕ್ತಿಯಿಲ್ಲ.

ಮನೆಗೆ ಬಂದ ಮೇಲೆ

ಒದ್ದೆಯಾಗಿ ಮಡಚಿದ ಟೆಂಟ್ ಮಳೆಗಾಲದ ಸೆಕೆಯಲ್ಲಿ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಮನೆ ಸೇರಿದ ದಿನವೇ ಬಿಚ್ಚಿ, ಹಾಸಿಗೆ ಎತ್ತಿ ಅಡಿಯನ್ನೂ ಒಣಗಿಸಿ. ಮಲಗಿದವರ ಉಸಿರಿನ ಪಸೆ ಇಳಿದು ನಿಲ್ಲುವುದು ಹಾಸಿಗೆಯ ಕೆಳಗೆ.

ಪ್ರವಾಸವಿಲ್ಲದ ತಿಂಗಳುಗಳಲ್ಲಿ ಟೆಂಟನ್ನು ಇಳಿಸಿಡುವುದು ಹಳೆಯ ಗಾಡಿಗೆ ಮಾಡುವ ದೊಡ್ಡ ಉಪಕಾರ. ಗ್ಯಾರೇಜಿನ ತೊಲೆಗೆ ರಾಟೆ, ಹಗ್ಗ ಕಟ್ಟಿಕೊಂಡರೆ ಇಬ್ಬರೇ ಇಳಿಸಬಹುದು. ಇಳಿಸಿದಾಗ ಗಟರಿನ ಕಾಲುಗಳನ್ನೂ ಬಿಚ್ಚಿ, ರಬ್ಬರಿನ ಅಡಿಯಲ್ಲಿ ಸೇರಿದ ಮಣ್ಣು ತೊಳೆಯಿರಿ. ನೀರು ಹಿಡಿದಿಟ್ಟುಕೊಂಡು ಹೊಸ ತುಕ್ಕಿಗೆ ದಾರಿ ಮಾಡುವುದು ಆ ಮಣ್ಣೇ. ಈ ಸಲದ ಆಯುಧಪೂಜೆಗೆ ಜೀಪು ತೊಳೆದಾಗ ಎಡಬಾಗಿಲಿನ ಮೇಲಿನ ಆ ಜಾಗಕ್ಕೆ ಮೊದಲು ಬೆರಳಿಟ್ಟೆ. ಬಣ್ಣ ನುಣುಪಾಗಿತ್ತು, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಟಣ್ ಎಂದಿತು.